ಅರ್ಧ ತೊಳೆದ ಎಂಜಿನ್

ನಮ್ಮೂರಿನಲ್ಲಿ ಕಾರು ನಿಲ್ಲಿಸಿದ ತಕ್ಷಣ ಅದರ ಬಾನೆಟ್ ತಾನಾಗಿಯೇ ಮೇಲೇಳುತ್ತದೆ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಮುಚ್ಚಿಕೊಂಡಿರುತ್ತದೆ. ಕೀ ತಿರುಗಿಸಿ ಆರಿಸಿದಿರೋ, ಎದ್ದು ನಿಲ್ಲುತ್ತದೆ, ಮತ್ತೆ ಶುರು ಮಾಡುವ ತನಕ ಇಳಿಯುವುದಿಲ್ಲ. ಹಗ್ಗ ಕಟ್ಟಿ ನೋಡಿದವರಿದ್ದಾರೆ. ಒಬ್ಬರು ಅದರ ಮೇಲೆ ರುಬ್ಬುವ ಕಲ್ಲನ್ನೇ ಹೇರಿದ್ದರು. ಕಲ್ಲು ಉರುಳಿ ಅವರ ಕಾಲಿನ ಮೇಲೆ ಬಿತ್ತು, ಬಾನೆಟ್ ಎದ್ದೇ ಇತ್ತು. ಆಮೇಲೆ ಯಾರೂ ಆ ಗೋಜಿಗೆ ಹೋಗಲಿಲ್ಲ. ಹೇಗೂ ನಾಲ್ಕು ಜನ ನೋಡುವುದೇ ಆದರೆ ಚೆನ್ನಾಗಿಯೇ ನೋಡಲಿ ಎಂದು ಎಲ್ಲರೂ ಎಂಜಿನ್ ತೊಳೆಯಲು ನಿಂತರು.

ಹಾಗಾಗಿ ನಮ್ಮಲ್ಲಿ ನೆಂಟರು ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲು ಎಂಜಿನ್ ನೋಡುತ್ತಾರೆ. "ಅಯ್ಯೋ, ಏನೂ ಒರೆಸಿಲ್ಲ, ಇದ್ದ ಹಾಗೇ ಇದೆ ನೋಡಿ" ಎಂದು ಮನೆಯಾಕೆ ಸಂಕೋಚ ಪಡುತ್ತಾರೆ; ಬೆಳಗಿನ ಜಿಡ್ಡು ಇನ್ನೂ ಅವರ ಉಗುರಿನ ಸಂದಿಯಲ್ಲೇ ಇರುತ್ತದೆ. ಕಾರಿನ ಹೊರಮೈಯನ್ನು ಯಾರೂ ತೊಳೆಯುವುದಿಲ್ಲ, ಅದು ಶೋಕಿ ಎನಿಸಿಕೊಳ್ಳುತ್ತದೆ. ಬಾಗಿಲ ಮೇಲೆ ಕೆಸರು ಒಣಗಿ ಪದರ ಕಟ್ಟಿದ್ದರೂ ಚಿಂತೆಯಿಲ್ಲ, ಒಳಗೆ ರೇಡಿಯೇಟರ್ ಪೂಜೆಯ ತಟ್ಟೆಯಂತೆ ಹೊಳೆಯಬೇಕು. ಮಳೆ ಬಂದರೆ ಗಂಡಸರು ಕೊಡೆ ಹಿಡಿದು ಎದ್ದುಬಿದ್ದು ಓಡುವುದು ಎಂಜಿನ್ನಿಗೆ ಹಿಡಿಯಲು. ಹೆಂಡತಿ ನೆನೆದರೆ ಒಣಗುತ್ತಾಳೆ, ಫ್ಯೂಸ್ ಬಾಕ್ಸ್ ನೆನೆದರೆ ಒಣಗುವುದಿಲ್ಲ ಎನ್ನುವುದು ಅವರ ವಾದ. ವಾದದಲ್ಲಿ ತಪ್ಪೇನೂ ಇಲ್ಲ.

ನಾನು ಹೊರಗಿನಿಂದ ಬಂದವಳು. ನನ್ನ ತವರಿನಲ್ಲಿ ಬಾನೆಟ್ಟುಗಳು ಮುಚ್ಚಿಕೊಂಡಿರುತ್ತಿದ್ದವು, ಅವುಗಳೊಳಗೆ ಏನಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಸುಖವಾಗಿದ್ದೆವು. ಮದುವೆಯಾಗಿ ಸೇರಿದ್ದು ಕಮಲಾಕ್ಷಮ್ಮನವರ ಮನೆಯನ್ನು. ಎಂಜಿನ್ ತೊಳೆಯುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಇದ್ದಾರೆ ಎಂದು ಮೇಲಿನ ಬೀದಿಯ ರಾಜಮ್ಮಣ್ಣಿ ಹೇಳುತ್ತಿದ್ದರು, ಆದರೆ ಅವರು ಹೇಳುತ್ತಿದ್ದದ್ದು ತಮ್ಮ ಬಗ್ಗೆಯೇ.

ಅತ್ತೆಯದು ಅವಸರದ ಕೆಲಸವಲ್ಲ. ಹೊಸ ಸೊಸೆಯರನ್ನು ಊರಿನವರು ಅವರ ಹತ್ತಿರವೇ ಕಲಿಯಲು ಕಳಿಸುತ್ತಿದ್ದರು. ಎಂಜಿನ್ ಪೂರ್ತಿ ತಣ್ಣಗಾಗದೆ ಹತ್ತಿರ ಸುಳಿಯಕೂಡದು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು. ಕರೆಂಟು ಹುಟ್ಟಿಸುವ ಆಲ್ಟರ್ನೇಟರ್‌ಗೆ, ಫ್ಯೂಸ್ ಬಾಕ್ಸಿಗೆ, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಹೊದಿಸಿ ದಾರ ಕಟ್ಟಬೇಕು. ಒಣ ಬ್ರಷ್ಷಿನಲ್ಲಿ ಧೂಳು ತೆಗೆದು, ಆಮೇಲೆ ಜಿಡ್ಡು ಬಿಡಿಸುವ ಔಷಧಿ ಸಿಂಪಡಿಸಿ, ಅದು ನೆನೆಯುವವರೆಗೆ ಕಾಯಬೇಕು. ನೀರನ್ನು ಪೈಪಿನಲ್ಲಿ ಜೋರಾಗಿ ಬಿಟ್ಟವಳನ್ನು ಅತ್ತೆ ಅಲ್ಲೇ ಮನೆಗೆ ಕಳಿಸಿಬಿಡುತ್ತಿದ್ದರು. ತುಳಸಿಗೆ ಹಾಕುವ ಹಾಗೆ ಮೆಲ್ಲಗೆ ಹಾಕಬೇಕು. ಕೊನೆಗೆ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ, ಸಂದಿಗೊಂದಿಗೆ ಗಾಳಿ ಹಾಕಿ ಒಣಗಿಸಬೇಕು. ಇಷ್ಟೂ ಸರಿಯಾದ ಮಾತೇ. ಅತ್ತೆಯ ಕೈಯಲ್ಲಿ ಒಂದು ಎಂಜಿನ್ನೂ ಕೆಟ್ಟದ್ದಿಲ್ಲ.

ಕೆಡುವುದಕ್ಕೆ ಅದು ಓಡಬೇಕಲ್ಲ. ತೊಳೆದ ಎಂಜಿನ್ನನ್ನು ರಸ್ತೆಗೆ ಇಳಿಸಿದರೆ ಧೂಳಾಗುತ್ತದೆ, ಆದ್ದರಿಂದ ನಮ್ಮ ಮನೆಯ ಕಾರು ರಸ್ತೆಗೆ ಇಳಿಯುತ್ತಿರಲಿಲ್ಲ. ದಿನವೂ ಮೈನಸ್ ತಂತಿ ಬಿಚ್ಚಿ ಕಟ್ಟುವುದೇಕೆಂದು ಅತ್ತೆ ಬ್ಯಾಟರಿಯನ್ನೇ ತೆಗೆದು, ಒರೆಸಿ, ರೇಷ್ಮೆ ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಮದುವೆ ಮುಂಜಿಗಳಿಗೆ ನಾವು ಕಾರಿನಲ್ಲೇ ಹೋಗುತ್ತಿದ್ದೆವು, ಅಂದರೆ ನನ್ನ ಗಂಡ ಶ್ರೀಕಂಠ ಮತ್ತು ಅವರ ಚಿಕ್ಕಪ್ಪಂದಿರು ಹಿಂದಿನಿಂದ ತಳ್ಳುತ್ತಿದ್ದರು, ಅತ್ತೆ ಒಳಗೆ ಕೂತು ಕೈ ಬೀಸುತ್ತಿದ್ದರು. ಊರಿನ ಒಳ್ಳೆಯ ಮನೆತನಗಳೆಲ್ಲ ಹೀಗೆಯೇ ಓಡಾಡುತ್ತಿದ್ದವು. ಕಾರು ತಳ್ಳಿಕೊಂಡು ಬಂದ ಬೀಗರಿಗೆ ಒಂದು ಲೋಟ ಪಾನಕ ಹೆಚ್ಚು ಕೊಡುವ ಪದ್ಧತಿಯೂ ಇತ್ತು.

ಮೊದಲ ಹೆರಿಗೆಯ ನೋವು ಶುರುವಾದಾಗ ನಾನು ಈ ಪದ್ಧತಿಗಳನ್ನೆಲ್ಲ ನಂಬಿ ಕೂತಿದ್ದೆ. ಬೀರುವಿನಿಂದ ಬ್ಯಾಟರಿ ಇಳಿಸಿದರು, ರೇಷ್ಮೆ ಬಿಚ್ಚಿದರು, ಕೂರಿಸಿದರು. ಎಂಜಿನ್ ಹೊಳೆಯಿತು, ಮಿಸುಕಲಿಲ್ಲ. ಬೀದಿಯ ಕೊನೆಯವರೆಗೆ ತಳ್ಳಿದರು. ಕೊನೆಗೆ ಯಾವುದೋ ಹಾಲಿನ ಗಾಡಿಯಲ್ಲಿ ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು. ಮಗು ಅಳಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಬಟ್ಟೆ ಹಿಡಿದು ಕಾರಿನ ಮುಂದೆ ನಿಂತರು. ತಳ್ಳುವ ಗಡಿಬಿಡಿಯಲ್ಲಿ ಯಾರೋ ಎಂಜಿನ್ ಮೇಲೆ ಬೆರಳಿಟ್ಟಿದ್ದರಂತೆ. ಕಿಟಕಿಯಿಂದ ಅದನ್ನು ನೋಡುತ್ತಾ ನಾನು ಅವರನ್ನು ದ್ವೇಷಿಸಿದೆ. ಈಗಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಆದ್ದರಿಂದ ಎರಡನೆಯ ಸಲ ಬಸುರಾದಾಗ ನಾನು ಮರ್ಯಾದೆಯನ್ನು ಮೂಟೆ ಕಟ್ಟಿಟ್ಟು ಕೋಳಿ ಮಾದೇಶನ ಹತ್ತಿರ ಹೋದೆ. ಮಾದೇಶ ತನ್ನ ಹಳೆಯ ಕಾರಿನಲ್ಲಿ ಸಂತೆಯಿಂದ ಸಂತೆಗೆ ಕೋಳಿ ಸಾಗಿಸುತ್ತಿದ್ದ. ಅವನ ಎಂಜಿನ್ನಿನ ವಿಷಯವನ್ನು ಊರಿನಲ್ಲಿ ಹೆಂಗಸರು ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದರು. ಅವನೂ ನಾಚಿಕೆಗೆಟ್ಟವನಲ್ಲ, ಕಾರಿನ ಮೂತಿಯನ್ನು ಯಾವಾಗಲೂ ಗೋಡೆಯ ಕಡೆಗೇ ಮಾಡಿ ನಿಲ್ಲಿಸುತ್ತಿದ್ದ. ಆದರೆ ಒಮ್ಮೆ ಕೀ ತಿರುಗಿಸಿದರೆ ಸಾಕು, ಆ ಕಾರು ಹೊರಟುಬಿಡುತ್ತಿತ್ತು. ಊರಿನಲ್ಲಿ ಹಾಗೆ ಹೊರಡುತ್ತಿದ್ದದ್ದು ಅದೊಂದೇ.

"ಮಾದೇಶಣ್ಣ, ನಂಗೆ ನೋವು ಬಂದ ದಿನ ಹೇಳಿ ಕಳಿಸಿದ್ರೆ ಬರ್ತೀಯಾ?" ಎಂದು ಕೇಳಿದೆ.

"ಬತ್ತೀನಿ ಕಣವ್ವ, ಅದ್ಕೇನಂತೆ. ಆದ್ರೆ ನಿಮ್ಮತ್ತೇವ್ರು ನನ್ ಗಾಡಿಗೆ ಹತ್ತಾರಾ?"

"ಹೆರೋಳು ನಾನು, ಅವರಲ್ಲ" ಎಂದೆ. ಮಾದೇಶ ತಲೆ ಕೆರೆದುಕೊಂಡು ಒಪ್ಪಿಕೊಂಡ.

ನೋವು ಬಂದದ್ದು ಒಂದು ಬೆಳಗ್ಗೆ, ತಿಂಡಿಯಾದ ಮೇಲೆ. ಶ್ರೀಕಂಠ ಓಡಿಹೋಗಿ ಮಾದೇಶನನ್ನು ಕರೆತಂದರು. ಅಲ್ಲಿಯವರೆಗೆ ಎಲ್ಲವೂ ನಾನು ಯೋಚಿಸಿದಂತೆಯೇ ನಡೆಯಿತು. ಆದರೆ ಮಾದೇಶ ಗಡಿಬಿಡಿಯಲ್ಲಿ ನಮ್ಮ ಮನೆಯ ಮುಂದೆ ಎಂಜಿನ್ ಆರಿಸಿದ. ಬಾನೆಟ್ ಎದ್ದಿತು. ಬ್ಯಾಗ್ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಅತ್ತೆ ಅಲ್ಲೇ ನಿಂತರು.

"ಏನೋ ಇದು?"

"ಎಂಜಿನ್ನು, ಅಮ್ಮಾವ್ರೆ."

"ಇದನ್ನ ಎಂಜಿನ್ ಅಂತಾರೇನೋ? ಕೋಳಿ ಬಂದು ಮೊಟ್ಟೆ ಇಡೋ ಹಂಗಿದೆ."

"ಒಂದ್ಸಲ ಇಟ್ಟಿತ್ತು, ಅಮ್ಮಾವ್ರೆ" ಎಂದ ಮಾದೇಶ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಅತ್ತೆ ಬ್ಯಾಗನ್ನು ಜಗುಲಿಯ ಮೇಲೆ ಇಟ್ಟರು. ಆ ಇಡುವ ರೀತಿ ನೋಡಿಯೇ ನನಗೆ ಮುಂದಿನದು ಗೊತ್ತಾಯಿತು. "ಶ್ರೀಕಂಠ, ನನ್ನ ಬ್ರಷ್ಷು, ಕವರ್ರು, ಔಷಧಿ ಎಲ್ಲಾ ತಗೊಂಡ್ಬಾ. ಈ ಎಂಜಿನ್ ಇಟ್ಕೊಂಡು ಆಸ್ಪತ್ರೆ ಮುಂದೆ ನಿಲ್ಲೋಕಾಗುತ್ತಾ? ಇಡೀ ಊರು ಕೂತಿರುತ್ತೆ ಅಲ್ಲಿ."

"ಅತ್ತೆ, ನಂಗೆ ನೋವು ಬರ್ತಿದೆ" ಎಂದೆ.

"ಬರ್ಲಿ ಬಿಡೇ ಪ್ರಮೀಳಾ, ಮೊದಮೊದಲು ಹಂಗೇ ಬಂದು ಹೋಗುತ್ತೆ. ಒಂದು ಕಡೆ ಕೂತ್ಕೊ. ಎಂಜಿನ್ ಬೇರೆ ಬಿಸಿ ಇದೆ, ಆರೋ ತನಕ ಮುಟ್ಟೋ ಹಂಗಿಲ್ಲ."

ನಮ್ಮತ್ತೆ ತತ್ವ ಬಿಡುವವರಲ್ಲ. ಬೇರೆ ಯಾರಾದರೂ ಆಗಿದ್ದರೆ ಅವಸರಕ್ಕೆ ಒಂದು ಬಕೆಟ್ ನೀರು ಸುರಿದು ಮುಗಿಸುತ್ತಿದ್ದರು, ಕಾರು ಅಲ್ಲೇ ಕೆಟ್ಟು ಕೂರುತ್ತಿತ್ತು. ಅತ್ತೆ ಹಾಗೆ ಮಾಡಲಿಲ್ಲ. ಮಗುವನ್ನು ಬೇಕಾದರೆ ಕಾಯಿಸಬಹುದು, ಎಂಜಿನ್ನನ್ನು ಅವಸರಪಡಿಸುವ ಹಾಗಿಲ್ಲ ಎಂದು ಅವರು ತೀರ್ಮಾನಿಸಿಯಾಗಿತ್ತು. ಮಗನ ಕೈಗೆ ಬೀಸಣಿಗೆ ಕೊಟ್ಟರು. ಶ್ರೀಕಂಠ ಎಂಜಿನ್ನಿಗೆ ಗಾಳಿ ಬೀಸತೊಡಗಿದರು. ಜಗುಲಿಯ ಮೇಲೆ ಕಂಬ ಹಿಡಿದು ಕೂತಿದ್ದ ನನಗೂ ಸೆಕೆಯಾಗುತ್ತಿತ್ತು, ಮೈಯೆಲ್ಲ ಬೆವರುತ್ತಿತ್ತು. ಏನು ಮಾಡುವುದು, ನನ್ನಲ್ಲಿ ಆಲ್ಟರ್ನೇಟರ್ ಇರಲಿಲ್ಲ.

ಅಂತೂ ಎಂಜಿನ್ ತಣ್ಣಗಾಯಿತು. ಮೈನಸ್ ತಂತಿ ಬಿಚ್ಚಿದರು. ಕವರ್ ಹೊದಿಸಿದರು, ಒಂದೊಂದಕ್ಕೂ ದಾರ ಕಟ್ಟಿ ಎಳೆದು ನೋಡಿದರು. ಕೋಳಿಪುಕ್ಕಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಅತ್ತೆಯ ಕೈ ಓಡುವುದನ್ನು ನೋಡಿದರೆ, ನನ್ನ ಹೊಟ್ಟೆಯೊಳಗೆ ಕತ್ತಿ ಆಡದಿದ್ದಲ್ಲಿ, ನಾನೂ ಮೆಚ್ಚಿಕೊಳ್ಳುತ್ತಿದ್ದೆ. ಎಡಭಾಗ ಉಜ್ಜಿ, ನೀರು ಚಿಮುಕಿಸಿ, ಒರೆಸಿದರು. ಅಲ್ಯೂಮಿನಿಯಂ ಬೆಳ್ಳಗೆ ಬಂತು. ಮಾದೇಶ ತನ್ನ ಎಂಜಿನ್ನಿನ ನಿಜವಾದ ಬಣ್ಣವನ್ನು ಮೊದಲ ಸಲ ನೋಡಿ ಬೆಪ್ಪಾಗಿ ನಿಂತಿದ್ದ. ಅತ್ತೆ ಬಲಭಾಗಕ್ಕೆ ಔಷಧಿ ಸಿಂಪಡಿಸಲು ಬಾಟಲಿ ಎತ್ತಿದಾಗ ನನ್ನ ಕಾಲ ಕೆಳಗೆ ಜಗುಲಿ ಒದ್ದೆಯಾಯಿತು. ಗರ್ಭದ ನೀರು ಒಡೆದಿತ್ತು.

"ಏಯ್ ಶ್ರೀಕಂಠ! ಬೀಸಣಿಗೆ ಬಿಸಾಕಿ ಬಾರೋ ಇಲ್ಲಿ!" ಎಂದು ನಾನು ಕೂಗಿದೆ.

ಹೆಂಡತಿ ಗಂಡನನ್ನು ಹೆಸರು ಹಿಡಿದು, ಅದೂ ಏಕವಚನದಲ್ಲಿ ಕರೆದದ್ದು ಆ ಬೀದಿಯಲ್ಲಿ ಅದೇ ಮೊದಲು. ಶ್ರೀಕಂಠ ಬೀಸಣಿಗೆ ಬಿಸಾಕಿ ಬಂದರು. ಬೇರೆ ದಿನಗಳಲ್ಲೂ ಹೀಗೆಯೇ ಕರೆಯಬೇಕಾಗಿತ್ತು ಎಂದು ನನಗೆ ಆಗ ಹೊಳೆಯಿತು. ಮಾದೇಶ ಎರಡೂ ಕೈಯಲ್ಲಿ ಕವರುಗಳನ್ನು ಕಿತ್ತು, ತಂತಿ ಸಿಕ್ಕಿಸಿ, ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಶುರುವಾಯಿತು. ಅತ್ತೆ ಅಷ್ಟು ಜೋಪಾನವಾಗಿ ಹೊದಿಸಿದ್ದರಿಂದ ಬೇಡದ ಜಾಗಕ್ಕೆ ಒಂದು ಹನಿ ನೀರೂ ಹೋಗಿರಲಿಲ್ಲ. ಈ ಮಾತನ್ನು ಅವರ ಪರವಾಗಿ ಹೇಳಲೇಬೇಕು.

ನಾನು ಮುಂದಿನ ಸೀಟಿನಲ್ಲಿ, ಅತ್ತೆ ಮತ್ತು ಶ್ರೀಕಂಠ ಹಿಂದೆ, ಖಾಲಿ ಕೋಳಿಬುಟ್ಟಿಗಳ ನಡುವೆ. ದಾರಿಯುದ್ದಕ್ಕೂ ಅತ್ತೆ ಒಂದೇ ಸಮನೆ ಗೊಣಗಿದರು. "ಪೂರ್ತಿ ಕೊಳೆ ಇದ್ದಿದ್ರೂ ಆಗ್ತಿತ್ತು. ಬಾಡಿಗೆ ಗಾಡಿ, ನಮ್ದಲ್ಲ ಅನ್ಬಹುದಿತ್ತು. ಅರ್ಧ ತೊಳೆದು ಅರ್ಧ ಬಿಟ್ಟಿದೀವಲ್ಲೋ, ಇದು ನಮ್ಮ ಕೈನ ಕೆಲಸ ಅಂತ ಎಲ್ರಿಗೂ ಗೊತ್ತಾಗುತ್ತೆ." ಅವರ ದುಃಖ ನಿಜವಾದದ್ದೇ. ನಮ್ಮೂರಿನಲ್ಲಿ ಕೊಳೆಯನ್ನು ಬಡತನದ ಲೆಕ್ಕಕ್ಕೆ ಹಾಕಿ ಕ್ಷಮಿಸುತ್ತಾರೆ. ಅರ್ಧ ತೊಳೆದ ಎಂಜಿನ್ ಇಟ್ಟುಕೊಂಡ ಮನೆಗೆ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ತರುವುದೂ ಇಲ್ಲ.

ಆಸ್ಪತ್ರೆಯ ಗೇಟು ದಾಟಿದೆವು. ಊರಿನ ಜನ ಎಂದಿನಂತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಬರುವ ಕಾರುಗಳನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಕೆಲವರು ಸಣ್ಣ ಜ್ವರ ಬಂದರೂ ಅದೇ ಕಾರಣಕ್ಕೆ ಅಡ್ಮಿಟ್ ಆಗುತ್ತಾರೆ. ಎಲ್ಲರಿಗಿಂತ ಮೇಲಿನ ಮೆಟ್ಟಿಲಿನಲ್ಲಿ, ಹೆಗಲಿಗೆ ಶಾಲು ಹೊದ್ದು, ರಾಜಮ್ಮಣ್ಣಿ ಕೂತಿದ್ದರು.

"ನಿಲ್ಲಿಸ್ಬೇಡ ಮಾದೇಶ!" ಅತ್ತೆ ಹಿಂದಿನಿಂದ ಚೀರಿದರು. "ಒಂದು ಸುತ್ತು ಹಾಕು. ಅವಳು ಎದ್ದು ಹೋಗ್ಲಿ."

ಮಾದೇಶ ಆಸ್ಪತ್ರೆಗೆ ಒಂದು ಸುತ್ತು ಹಾಕಿದ. ರಾಜಮ್ಮಣ್ಣಿ ಎದ್ದು ಹೋಗಲಿಲ್ಲ, ಕೈ ಬೀಸಿದರು. ಅತ್ತೆಯೂ ನಗುನಗುತ್ತಾ ಕೈ ಬೀಸಿದರು. ಇನ್ನೊಂದು ಸುತ್ತಾಯಿತು. ಈ ಸಲ ರಾಜಮ್ಮಣ್ಣಿ ಪಕ್ಕದವರಿಗೂ ತೋರಿಸಿದರು, ಅವರೂ ಕೈ ಬೀಸಿದರು. ದೇವರ ಪ್ರದಕ್ಷಿಣೆಯನ್ನೂ ಇಷ್ಟು ಶ್ರದ್ಧೆಯಿಂದ ನಮ್ಮ ಮನೆಯವರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಶ್ರೀಕಂಠ ಮೆಲ್ಲಗೆ, "ಅಮ್ಮ, ಹಿಂದುಗಡೆ ಬಾಗಿಲಿದ್ಯಾ ನೋಡೋಣ" ಎಂದರು. ಹಿಂದುಗಡೆ ಇದ್ದದ್ದು ಶವಾಗಾರದ ಬಾಗಿಲು. ಅಲ್ಲಿ ಯಾರೂ ಕೂತಿರಲಿಲ್ಲವಾದ್ದರಿಂದ ಅತ್ತೆ ಒಂದು ಕ್ಷಣ ಯೋಚಿಸಿದ್ದೂ ಉಂಟು.

ನನಗೆ ತಡೆಯಲಾಗಲಿಲ್ಲ. ಮಗು ಕೆಳಕ್ಕೆ ಒತ್ತುತ್ತಿತ್ತು. ಹೋದ ಸಲದ ಆ ನಿಶ್ಶಬ್ದ ಕಿವಿಯಲ್ಲಿ ತುಂಬಿಕೊಂಡಿತು. ಕೋಣೆಯಲ್ಲಿ ಅಷ್ಟು ಜನ ಇದ್ದೂ ಯಾರೂ ಏನೂ ಹೇಳದ ಆ ಹೊತ್ತು. ಇನ್ನೊಮ್ಮೆ ಅದನ್ನು ನಾನು ಸಹಿಸಲಾರೆ ಎನಿಸಿತು. ಮೆಟ್ಟಿಲ ಹತ್ತಿರ ತಿರುವಿನಲ್ಲಿ ಮಾದೇಶ ನಿಧಾನ ಮಾಡಿದಾಗ ಅವನ ತೋಳಿನ ಮೇಲಿಂದ ಬಾಗಿ ಕೈ ಚಾಚಿ ಕೀಯನ್ನು ತಿರುಗಿಸಿಬಿಟ್ಟೆ.

ಕಾರು ಒಂದು ಸಲ ಎಗರಿ ನಿಂತಿತು. ಬಾನೆಟ್ ಎದ್ದಿತು.

ಮೆಟ್ಟಿಲ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದರು. ಕೈಗೆ ಬ್ಯಾಂಡೇಜ್ ಇದ್ದವರು, ಊರುಗೋಲಿನವರು, ಈಗಷ್ಟೇ ಗ್ಲೂಕೋಸ್ ಹಾಕಿಸಿಕೊಂಡವರು, ಎಲ್ಲರೂ ಕಾರಿನ ಮುಂದೆ ಸೇರಿದರು. ಅತ್ತೆ ಬಾಗಿಲು ತೆರೆದು ಹಾರಿದರು. ನನ್ನ ಕಡೆಗಲ್ಲ. ಎಂಜಿನ್ನಿಗೆ ಬೆನ್ನು ಕೊಟ್ಟು ನಿಂತು ಸೆರಗನ್ನು ಪರದೆಯ ಹಾಗೆ ಅಗಲವಾಗಿ ಹಿಡಿದರು. ಸೆರಗು ಸಾಲಲಿಲ್ಲ. "ಶ್ರೀಕಂಠ, ಆ ಕಡೆ ತುದಿ ಹಿಡ್ಕೊಳೋ" ಎಂದರು. ಶ್ರೀಕಂಠ ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು, ಹೋಗಿ ತುದಿ ಹಿಡಿದುಕೊಂಡರು. ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ.

ನಾನು ಮಾದೇಶನ ತೋಳು ಹಿಡಿದು ಮೆಟ್ಟಿಲು ಹತ್ತಿದೆ. ಮೆಟ್ಟಿಲು ಪೂರ್ತಿ ಖಾಲಿಯಾಗಿತ್ತು, ಅದೊಂದು ಅನುಕೂಲ. ಬಾಗಿಲಲ್ಲಿದ್ದ ನರ್ಸ್ ಅವನನ್ನು, "ನೀವು ಗಂಡನಾ?" ಎಂದು ಕೇಳಿದಳು.

"ಅಲ್ಲ ಸಿಸ್ಟರ್, ಕೋಳಿ ಮಾದೇಶ."

"ಗಂಡ ಎಲ್ಲಿ?"

"ಸೆರಗು ಹಿಡ್ಕಂಡವ್ರೆ" ಎಂದ ಮಾದೇಶ. ನರ್ಸ್ ಊರಿನವಳೇ, ಬೇರೇನೂ ಕೇಳದೆ ಕಿಟಕಿಯಿಂದ ಒಮ್ಮೆ ಇಣುಕಿ ನೋಡಿ, "ಎಡಗಡೆ ಚೆನ್ನಾಗಿ ಬಂದಿದೆ" ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದಳು.

ಅಲ್ಲಿಂದ ಮುಂದಿನದು ಅಷ್ಟಾಗಿ ನೆನಪಿಲ್ಲ. ನಾನು ಕೂಗಿದೆ. ಮತ್ತೆ ಕೂಗಿದೆ. ಒಂದು ಸಲ ಹೊರಗಿನಿಂದ ಇನ್ನೊಂದು ಕೂಗು ಕೇಳಿಸಿತು, ನನ್ನದೇ ಇರಬೇಕೆಂದುಕೊಂಡೆ. ಆಮೇಲೆ ಒಂದು ಕ್ಷಣ ಎಲ್ಲ ನಿಂತುಹೋಯಿತು. ಅದೇ ಹಳೆಯ ನಿಶ್ಶಬ್ದ ಬಂತೇ ಎಂದು ಕಣ್ಣು ಮುಚ್ಚಿದೆ. ಆಗ ನನ್ನ ಮಗಳು ಅತ್ತಳು. ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ, ಯಾರ ಮರ್ಯಾದೆಯ ಗೊಡವೆಯೂ ಇಲ್ಲದ ದನಿ. ನಾನೂ ಅತ್ತುಬಿಟ್ಟೆ. ಅಷ್ಟು ಸಂತೋಷ ನನ್ನ ಜೀವನದಲ್ಲಿ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮೊದಲು ಬಂದವರು ಶ್ರೀಕಂಠ. ಮಗುವನ್ನು ನೋಡಿ ಕಣ್ಣು ಒರೆಸಿಕೊಂಡರು. ನನ್ನ ಕಾಲಿನ ಹತ್ತಿರ ನಿಂತು, "ಪ್ರಮೀಳಾ, ಅಮ್ಮಂಗೆ..." ಎಂದು ಶುರು ಮಾಡಿ ನಿಲ್ಲಿಸಿದರು. ಏನಾಯಿತೆಂದು ಕೇಳಿದೆ. ರಾಜಮ್ಮಣ್ಣಿ ಸೆರಗಿನ ಕೆಳಗಿನಿಂದ ಬಗ್ಗಿ ನೋಡಿದರಂತೆ. "ಪಾಪ, ಕಮಲಾಕ್ಷಮ್ಮಂಗೆ ವಯಸ್ಸಾಯ್ತು, ಮುಂಚಿನಂಗೆ ಪೂರ್ತಿ ಮಾಡೋಕಾಗಲ್ಲ" ಎಂದರಂತೆ, ತುಂಬಾ ಪ್ರೀತಿಯಿಂದ. ಅಷ್ಟೇ. ಅತ್ತೆ ಸೆರಗು ಬಿಟ್ಟು, ಅದರಲ್ಲೇ ಬಲಭಾಗವನ್ನು ಒರೆಸಲು ಎರಡೂ ಕೈ ಒಳಗೆ ಹಾಕಿದರಂತೆ. ಮನೆಯಿಂದ ಬಂದು, ಆಸ್ಪತ್ರೆಯನ್ನು ಸುತ್ತಿ ಸುತ್ತಿ ಕಾದಿದ್ದ ಎಂಜಿನ್. ಸೈಲೆನ್ಸರ್ ಹೊರಡುವ ಕಡೆಯ ಆ ಕಬ್ಬಿಣವನ್ನು ಅವರು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರಂತೆ.

"ಈಗ ಹೆಂಗಿದಾರೆ?"

"ಕಟ್ಟು ಹಾಕಿದಾರೆ. ಹೊರಗೇ ನಿಂತಿದಾರೆ. ಒಳಗೆ ಬರಲ್ಲಂತೆ, ನೀನು ಕರೆದ್ರೆ ಬರ್ತಾರಂತೆ."

ಕರೆಯಬೇಕೋ ಬೇಡವೋ ಎಂದು ನಾನು ಸ್ವಲ್ಪ ಹೊತ್ತು ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಆಡಬೇಕಾದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡೆ. ಎಡಗಡೆ ಚೆನ್ನಾಗಿ ಬಂದಿದೆಯಂತೆ ಅತ್ತೆ, ಎನ್ನಬೇಕು. ಕೈ ಆರೋ ತನಕ ಮುಟ್ಟೋ ಹಂಗಿಲ್ಲ ಅಲ್ವಾ ಅತ್ತೆ, ಎನ್ನಬೇಕು. ಇಷ್ಟು ಒಳ್ಳೆಯ ಸಂದರ್ಭ ಸೊಸೆಯಾದವಳಿಗೆ ಮತ್ತೆ ಸಿಗುವುದಿಲ್ಲ. ಆಮೇಲೆ ಕರೆಯಲು ಹೇಳಿದೆ.

ಅತ್ತೆ ಬಂದರು. ಎರಡೂ ಕೈಗೆ ಮಣಿಕಟ್ಟಿನವರೆಗೆ ಬಿಳಿ ಬಟ್ಟೆ ಸುತ್ತಿದ್ದರು, ಬೆರಳೊಂದೂ ಕಾಣುತ್ತಿರಲಿಲ್ಲ. ಸೆರಗೆಲ್ಲ ಮಸಿ, ಜಿಡ್ಡು, ಒಂದು ಕೋಳಿಪುಕ್ಕ. ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಸಿಗೆಯ ಪಕ್ಕ ನಿಂತು ಮಗುವನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕೈಗಳು ತಾವಾಗಿಯೇ ಮುಂದೆ ಬಂದವು, "ಕೊಡೇ ಇಲ್ಲಿ" ಎಂದರು, ಆಗ ಅವರಿಗೆ ತಮ್ಮ ಕೈ ಕಂಡಿತು. ಮುಂದೆ ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಹಾಗೆಯೇ ಹಿಡಿದು ನಿಂತರು.

"ಎತ್ಕೊಳ್ಳೋಕಾಗಲ್ವಲ್ಲೇ ಪ್ರಮೀಳಾ" ಎಂದರು. "ಹೋದ ಸಲದ್ದನ್ನೂ ನಾನು ಎತ್ಕೊಳ್ಲಿಲ್ಲ ಕಣೇ. ಧೈರ್ಯ ಬರ್ಲಿಲ್ಲ."

ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನನ್ನ ದ್ವೇಷ ಕರಗಿತೆಂದು ಯಾರೂ ತಿಳಿಯಬೇಡಿ, ಅದು ಇದ್ದಲ್ಲೇ ಇತ್ತು. ನೋವಿನಲ್ಲೇ ಎದ್ದು ಕೂತು ಮಗುವನ್ನು ಅವರ ಎರಡು ಮುಂದೋಳುಗಳ ಮೇಲೆ ಅಡ್ಡವಾಗಿ ಮಲಗಿಸಿ, ನನ್ನ ಕೈಗಳನ್ನು ಅದರಡಿಯಲ್ಲೇ ಇಟ್ಟುಕೊಂಡೆ. ಅತ್ತೆ ಉಸಿರು ಬಿಗಿಹಿಡಿದು ನಿಂತರು. "ನನ್ ಕೈಲಿದೆ ಅಲ್ವೇನೇ?" ಎಂದು ಕೇಳಿದರು. ಭಾರವೆಲ್ಲ ನನ್ನ ಕೈ ಮೇಲೇ ಇತ್ತು. "ಹೂಂ ಅತ್ತೆ, ನಿಮ್ ಕೈಲೇ ಇದೆ" ಎಂದೆ.